ಸತ್ಯಾಂಶ: ದೇಹ ಗಟ್ಟಿಯಿದ್ದರೆ ಕಿಲಿಮಂಜಾರೋಗೆ 5 ದಿನ ಸಾಕೇ?

ಪ್ರತಿದಿನ ಓಡುವವರಿಗೆ ಎತ್ತರದ ಕಾಯಿಲೆ (ಎತ್ತರದ ಜಾಗಗಳಲ್ಲಿ ಆಮ್ಲಜನಕ ಕಡಿಮೆ ಸಿಕ್ಕು ಆಗುವ ತೊಂದರೆ) ಬರುವುದಿಲ್ಲ, ಆದ್ದರಿಂದ ಟಾಂಜಾನಿಯಾದ ಕಿಲಿಮಂಜಾರೋ ಚಾರಣಕ್ಕೆ 5 ದಿನ ಸಾಕು ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಹರಿದಾಡುತ್ತಿದೆ. ಇದು ತಪ್ಪು ಮಾತ್ರವಲ್ಲ, ಅಪಾಯಕಾರಿಯೂ ಹೌದು.

ಕಿಲಿಮಂಜಾರೋದ ತುದಿಯಾದ, 5,895 ಮೀಟರ್ ಎತ್ತರದ ಉಹುರು ಶಿಖರದಲ್ಲಿ ಗಾಳಿಯ ಒತ್ತಡವು ಸಮುದ್ರಮಟ್ಟದಲ್ಲಿರುವುದರ ಸುಮಾರು ಅರ್ಧದಷ್ಟೇ ಇರುವುದರಿಂದ ಪ್ರತಿ ಉಸಿರಿಗೆ ಸಿಗುವ ಆಮ್ಲಜನಕವೂ ಅಷ್ಟೇ ಕಡಿಮೆಯಾಗುತ್ತದೆ. ಇದಕ್ಕೆ ಹೊಂದಿಕೊಳ್ಳಲು ಎಂಥ ಗಟ್ಟಿಮುಟ್ಟಾದ ದೇಹಕ್ಕೂ ಕಾಲಾವಕಾಶ ಬೇಕು. ಬಲವಿದೆಯೆಂದು ಬೇಗ ಬೇಗ ಏರುವವರೇ ಕೆಲವೊಮ್ಮೆ ಮೊದಲು ತೊಂದರೆಗೆ ಸಿಲುಕುತ್ತಾರೆ.

3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚಿಸಬಾರದೆಂಬುದು ವೈದ್ಯರ ಸಾಮಾನ್ಯ ಸಲಹೆ. ಆದರೆ 5 ದಿನಗಳ ಮರಂಗು ದಾರಿಯಲ್ಲಿ ಏರುವಾಗ ಸುಮಾರು 2,700 ಮೀಟರಿನ ಮಂದಾರಾ, 3,700 ಮೀಟರಿನ ಹೊರೊಂಬೊ, 4,700 ಮೀಟರಿನ ಕಿಬೊ ತಂಗುದಾಣಗಳಲ್ಲಿ ಒಂದೊಂದೇ ರಾತ್ರಿ ಕಳೆಯಬೇಕಾಗುತ್ತದೆ. ಹೊರೊಂಬೊದಲ್ಲಿ ಇನ್ನೊಂದು ದಿನ ತಂಗುವ 6 ದಿನಗಳ ಯೋಜನೆ ಇದಕ್ಕಿಂತ ಮೇಲು. 8 ದಿನಗಳ ಲೆಮೊಶೊ ದಾರಿ ಇನ್ನೂ ಒಳ್ಳೆಯದು.

ಅಸೆಟಜೋಲಮೈಡ್ ಮಾತ್ರೆ ವೈದ್ಯರ ಸಲಹೆಯಂತೆ ತೆಗೆದುಕೊಂಡರೆ ದೇಹ ಎತ್ತರಕ್ಕೆ ಹೊಂದಿಕೊಳ್ಳಲು ನೆರವಾಗಬಹುದು. ಆದರೆ ತಲೆನೋವಿನೊಂದಿಗೆ ವಾಂತಿ, ತೂರಾಟ ಅಥವಾ ಕುಳಿತಲ್ಲೇ ಏದುಸಿರು ಕಾಣಿಸಿಕೊಂಡರೆ ತಕ್ಷಣ ಕೆಳಗಿಳಿಯುವುದೇ ಮುಖ್ಯ ಚಿಕಿತ್ಸೆ. ಅಲ್ಲಿ ಮಾರ್ಗದರ್ಶಕರಿಲ್ಲದೆ ಹತ್ತಲು ಅನುಮತಿಯಿಲ್ಲ; ಅವರು ಇಳಿಯಬೇಕೆಂದಾಗ, ಶಿಖರ ಎಷ್ಟೇ ಹತ್ತಿರವಿದ್ದರೂ, ದಯವಿಟ್ಟು ಇಳಿಯಿರಿ.