ಬಿಲ್ಲು ಕಟ್ಟುವವರಿಗೆ ಮೆನು ತೋರಿಸಬೇಡಿ

ವಿಯೆಟ್ನಾಂ ಯುದ್ಧದ ನಡುವೆ, 1969ರ ಮಾರ್ಚ್ 18ರಂದು ಅಮೆರಿಕದ ಬಿ-52 ಬಾಂಬರ್ ವಿಮಾನಗಳು ಪಕ್ಕದ ಕಾಂಬೋಡಿಯಾದ ಮೇಲೆ ಸುರಿದದ್ದು ‘ಬ್ರೇಕ್‌ಫಾಸ್ಟ್’. ತಮಾಷೆಯಲ್ಲ, ದಾಳಿಯ ಹೆಸರೇ ಅದು. ಆಮೇಲೆ ಲಂಚ್, ಸ್ನ್ಯಾಕ್, ಡಿನ್ನರ್, ಸಪ್ಪರ್, ಡಿಸರ್ಟ್. ಎಲ್ಲಕ್ಕೂ ಸೇರಿ ‘ಮೆನು’. ಹದಿನಾಲ್ಕು ತಿಂಗಳಲ್ಲಿ 3,600ಕ್ಕೂ ಹೆಚ್ಚು ಹಾರಾಟ, ಲಕ್ಷ ಟನ್ ಮೀರಿದ ಬಾಂಬು. ಅದೂ ತಟಸ್ಥ ಅಂತ ಕರೆಸಿಕೊಂಡಿದ್ದ ದೇಶಕ್ಕೆ.

ಸುರಿದ ಮೇಲೆ ಲೆಕ್ಕ ಬರೆಯಬೇಕಲ್ಲ? ನಮ್ಮ ಹಳೇ ಶಾನುಭೋಗರು ನಾಚುವಂಥ ಎರಡು ಲೆಕ್ಕ ಶುರುವಾಯಿತು. ದಕ್ಷಿಣ ವಿಯೆಟ್ನಾಂನ ಬಿಯೆನ್ ಹೋವಾ ರೇಡಾರ್ ಕೇಂದ್ರದಲ್ಲಿ ಮೇಜರ್ ಹ್ಯಾಲ್ ನೈಟ್ ಎಂಬವರ ಕೈಗೆ ಅಸಲಿ ಗುರಿಯ ಕಾಗದ ಬರುತ್ತಿತ್ತು. ಬಾಂಬು ಬೀಳುತ್ತಿದ್ದದ್ದು ಗಡಿಯಾಚೆ, ವರದಿಯಲ್ಲಿ ಗಡಿಯೀಚೆ. ಬೆಳಗಾದರೆ ಅಸಲಿ ಕಾಗದಕ್ಕೆ ಬೆಂಕಿ, ಸೈಗಾನ್‌ಗೆ ಒಂದು ಫೋನು: ಆಟ ಮುಗಿಯಿತು. ಇಷ್ಟೆಲ್ಲ ಯಾರಿಂದ ಮುಚ್ಚಿಡಲು ಅಂತ ನೈಟ್ ಒಮ್ಮೆ ಮೇಲಧಿಕಾರಿಯನ್ನು ಕೇಳಿದರು. ಬಹುಶಃ ಸೆನೆಟ್‌ನ ವಿದೇಶಾಂಗ ಸಮಿತಿಯಿಂದ ಎಂಬ ಉತ್ತರ ಬಂತು. ಮೇಲಧಿಕಾರಿ ಪ್ರಾಮಾಣಿಕರು, ಬಿಡಿ. ಶತ್ರು ಉತ್ತರ ವಿಯೆಟ್ನಾಂನ ರಾಜಧಾನಿ ಹನೋಯ್‌ಗೆ ಗೊತ್ತಿತ್ತು, ಬಾಂಬು ಬಿದ್ದ ಊರಿನವರಿಗೆ ಗೊತ್ತಿತ್ತು. ದುಡ್ಡು ಮಂಜೂರು ಮಾಡುವವರಿಗೆ ಗೊತ್ತಾಗಬಾರದಿತ್ತು, ಅಷ್ಟೇ.

1970ರ ಏಪ್ರಿಲ್ 30ರಂದು ಅಮೆರಿಕದ ಅಧ್ಯಕ್ಷ ನಿಕ್ಸನ್ ಟಿವಿಯಲ್ಲಿ ಕೂತು, ತಟಸ್ಥ ದೇಶದ ನೆಲ ಮೆಟ್ಟಬಾರದೆಂದು ಐದು ವರ್ಷ ಆ ಕಡೆಯ ಶತ್ರು ನೆಲೆಗಳ ತಂಟೆಗೇ ಹೋಗಲಿಲ್ಲ ಎಂದರು. ಆ ಹೊತ್ತಿಗೆ ಮೆನು ಇನ್ನೂ ಮುಗಿದಿರಲಿಲ್ಲ.

1973ರಲ್ಲಿ ಸೆನೆಟ್‌ನ ಸಶಸ್ತ್ರ ಸೇವಾ ಸಮಿತಿ ದಾಳಿಗಳ ದಾಖಲೆ ಕೇಳಿತು. ಪೆಂಟಗನ್ ನೀಟಾಗಿ ಒಂದು ಪಟ್ಟಿ ಕಳಿಸಿತು. 1970ರ ಮೇಗಿಂತ ಮುಂಚೆ ಕಾಂಬೋಡಿಯಾದ ಮೇಲೆ ಬಿ-52 ದಾಳಿ: ಸೊನ್ನೆ. ಗ್ರಹಚಾರ, ಅಷ್ಟರೊಳಗೆ ನೈಟ್ ಸೆನೆಟರ್ ಪ್ರಾಕ್ಸ್‌ಮೈರ್‌ಗೆ ಕಾಗದ ಬರೆದಾಗಿತ್ತು. ಜುಲೈ 16ರಂದು ಸಮಿತಿಯ ಮುಂದೆ ಅವರು ಸುಟ್ಟ ಕಾಗದದ ಕಥೆ ಹೇಳಿದರು. ಅದೇ ದಿನ, ವಿರೋಧ ಪಕ್ಷದ ಕಚೇರಿಗೆ ಬಿದ್ದ ಕನ್ನದ ತನಿಖೆ ನಡೆಸುತ್ತಿದ್ದ ವಾಟರ್‌ಗೇಟ್ ಸಮಿತಿಯ ಮುಂದೆ, ನಿಕ್ಸನ್ ತಮ್ಮ ಮಾತುಗಳನ್ನೆಲ್ಲ ಟೇಪು ಮಾಡಿ ಇಡುತ್ತಿದ್ದರೆಂಬುದು ಬಯಲಾಯಿತು. ಸುಡಬೇಕಾದ್ದನ್ನು ಇಟ್ಟುಕೊಂಡರು, ಇಡಬೇಕಾದ್ದನ್ನು ಸುಟ್ಟರು. ವಿಯೆಟ್ನಾಂನಲ್ಲಿ ಅಮೆರಿಕದ ಸೇನೆಯ ಮುಖ್ಯಸ್ಥರಾಗಿದ್ದ ಜನರಲ್ ಎಬ್ರಾಮ್ಸ್‌ರದ್ದು ಬೇರೆಯೇ ಸಂಕಟ: ಈ ಎರಡು ಲೆಕ್ಕದ ವ್ಯವಹಾರ ಆಡಳಿತದ ದೃಷ್ಟಿಯಿಂದ ಬಹಳ ತೊಡಕಾಗಿತ್ತಂತೆ. ಪಾಪ.

1974ರ ಜುಲೈ 30. ಅಮೆರಿಕದ ಸಂಸತ್ತಿನ ಕೆಳಮನೆಯ ನ್ಯಾಯಾಂಗ ಸಮಿತಿಯಲ್ಲಿ ಸದಸ್ಯ ಜಾನ್ ಕಾನ್ಯರ್ಸ್, ಈ ಗುಟ್ಟಿನ ಬಾಂಬು ದಾಳಿಯನ್ನೂ ನಿಕ್ಸನ್ ವಿರುದ್ಧದ ಮಹಾಭಿಯೋಗಕ್ಕೆ ಸೇರಿಸೋಣ ಎಂದರು. 12 ಮಂದಿ ಹೂಂ, 26 ಮಂದಿ ಊಹೂಂ. ವಾಟರ್‌ಗೇಟ್ ಕಳ್ಳತನ ಮುಚ್ಚಿಹಾಕಿದ್ದು ಅಪರಾಧ ಎಂದು ಅದೇ ಸಮಿತಿ ಮೂರು ದಿನದ ಹಿಂದೆ ಒಪ್ಪಿತ್ತು. ಲಕ್ಷ ಟನ್‌ನ ವಿಷಯಕ್ಕೆ ಬಂದಾಗ ಒಂದು ತೊಡಕು: ಕಾಂಗ್ರೆಸ್ಸಿನ, ಅಂದರೆ ಅಮೆರಿಕದ ಸಂಸತ್ತಿನ, ಕೆಲವು ಹಿರಿಯರ ಕಿವಿಯಲ್ಲಿ ಸರ್ಕಾರ ಮೊದಲೇ ಊದಿತ್ತು. ಆ ಹಿರಿಯರು ಮೆನು ಓದಿಕೊಂಡು, ಬಾಯಿ ಒರೆಸಿಕೊಂಡು, ಸುಮ್ಮನೆ ಕೂತಿದ್ದರು.