ಗ್ಯಾಸ್ ಇದೆ ಸರಿ, ಗ್ರಾವಿಟಾಸ್ ಇದೆಯಾ?

ನಮ್ಮ ಅಕ್ಕನ ಮಗ ರೋಮನ್ ಆಗಿದ್ದಾನೆ. ಊರು ಬಿಟ್ಟು ಎಲ್ಲೂ ಹೋಗಿಲ್ಲ, ಪಾಸ್‌ಪೋರ್ಟೂ ಮಾಡಿಸಿಲ್ಲ. ಫೋನಿನ ವಾಲ್‌ಪೇಪರಿಗೆ ಮೂಗು ಮುರಿದ ಅಮೃತಶಿಲೆಯ ತಲೆಯೊಂದನ್ನು ಹಾಕಿಕೊಂಡ, ತಣ್ಣೀರು ಸ್ನಾನ ಶುರು ಮಾಡಿದ, ರೋಮನ್ ಆದ. ಹೋದ ಭಾನುವಾರ ಮನೆಗೆ ಬಂದವನು ನನ್ನ ಪುಸ್ತಕದ ಕಪಾಟಿನ ಮುಂದೆ ಕೈಕಟ್ಟಿ ನಿಂತ. ಒಂದೊಂದೇ ಪುಸ್ತಕ ಎಳೆದು, "ಇವನಿಗೆ ವಿರ್ಟೂಸ್ ಇಲ್ಲ ಮಾಮ", "ಇವಳಿಗೆ ಗ್ರಾವಿಟಾಸ್ ಸಾಲದು" ಅಂತ ಪಕ್ಕಕ್ಕಿಡುತ್ತಾ ಹೋದ. ವಿರ್ಟೂಸ್ ಅಂದರೆ ಶೌರ್ಯ, ಗ್ರಾವಿಟಾಸ್ ಅಂದರೆ ಗಾಂಭೀರ್ಯ, ಎರಡೂ ಹಳೇ ರೋಮಿನವರು ಮೆಚ್ಚಿದ ಗುಣಗಳು. ರದ್ದಿಯವನೂ ಹೀಗೇ ಮಾಡುತ್ತಾನೆ. ಆದರೆ ಅವನು ಕೊನೆಗೆ ಕೆಜಿಗೆ ಇಷ್ಟು ಅಂತ ದುಡ್ಡಾದರೂ ಕೊಡುತ್ತಾನೆ.

ಅವನೊಬ್ಬನನ್ನೇ ಬೈದು ಪ್ರಯೋಜನವಿಲ್ಲ. 2023ರಲ್ಲಿ ಹೆಂಗಸರು ತಮ್ಮ ಗಂಡಂದಿರನ್ನು "ರೋಮನ್ ಸಾಮ್ರಾಜ್ಯದ ಬಗ್ಗೆ ಎಷ್ಟು ಸಲ ಯೋಚನೆ ಮಾಡ್ತೀರಿ?" ಅಂತ ಕೇಳುವ ವಿಡಿಯೋಗಳು ಲೋಕವೆಲ್ಲ ಓಡಾಡಿದವು. ದಿನಾ ಮಾಡ್ತೀವಿ ಅಂದವರು ಎಷ್ಟೋ ಜನ. ಈಗ ಆ ಯೋಚನೆ ಹಣ್ಣಾಗಿ ತೀರ್ಪಾಗಿದೆ. ಕಾದಂಬರಿ ಓದಿದವರು ಕಥೆ ಹೇಗಿತ್ತು ಅಂತ ಹೇಳುವುದಿಲ್ಲ, ನಾಯಕನ ನಡತೆಗೆ ಅಂಕ ಹಾಕುತ್ತಾರೆ. ನಮಗೇನೂ ಇದು ಹೊಸದಲ್ಲ ಬಿಡಿ. "ಕಥಾನಾಯಕನ ಗುಣಸ್ವಭಾವ ವಿವರಿಸಿ, 4 ಅಂಕ" ಅನ್ನುವ ಪ್ರಶ್ನೆಗೆ "ಅವನು ಧೈರ್ಯಶಾಲಿ, ಸತ್ಯವಂತ, ತಂದೆತಾಯಿಯರಲ್ಲಿ ಭಕ್ತಿಯುಳ್ಳವನು" ಅಂತ ಬರೆದೇ ಪಾಸಾದವರು ನಾವು. ಪಾಠ ಓದದಿದ್ದರೂ ಮೂರು ಅಂಕ ಗ್ಯಾರಂಟಿ.

ರೋಮಿನಲ್ಲಿ ಈ ಕೆಲಸಕ್ಕೆ ಅಧಿಕಾರಿಗಳೇ ಇದ್ದರು. ಹೆಸರು ಸೆನ್ಸಾರ್. ಸುಮಾರು ಐದು ವರ್ಷಕ್ಕೊಮ್ಮೆ ಇಬ್ಬರನ್ನು ಆರಿಸುತ್ತಿದ್ದರು. ಜನರ ತಲೆ ಎಣಿಸುವವರೂ ಅವರೇ, ಆಸ್ತಿ ಬರೆದುಕೊಳ್ಳುವವರೂ ಅವರೇ, ನಡತೆ ತೂಗುವವರೂ ಅವರೇ. ಸೆನ್ಸಸ್ಸು, ಸಿನಿಮಾ ಸೆನ್ಸಾರು ಎರಡೂ ಒಂದೇ ಹೊಟ್ಟೆಯ ಮಕ್ಕಳು. ಸುಮ್ನೆ ಊಹಿಸಿಕೊಳ್ಳಿ. ಜನಗಣತಿಗೆ ಬಂದ ಮೇಷ್ಟ್ರು ಬಾಗಿಲಲ್ಲೇ ನಿಂತು ಕೇಳುತ್ತಿದ್ದಾರೆ: ನಲ್ಲಿ ಇದೆಯಾ? ಇದೆ. ಗ್ಯಾಸ್ ಇದೆಯಾ? ಇದೆ. ಗ್ರಾವಿಟಾಸ್ ಇದೆಯಾ? ಒಳಗಿಂದ ಹೆಂಡತಿ ಕೂಗುತ್ತಾಳೆ, "ಇಲ್ಲ ಅಂತ ಬರ್ಕೊಳ್ಳಿ ಸಾರ್!"

ಕ್ರಿ.ಪೂ. 275ರಲ್ಲಿ ರುಫಿನಸ್ ಎಂಬ ಸೆನೆಟರನನ್ನು ಹೀಗೇ ಹೊರಗೆ ಹಾಕಿದರು. ಎರಡು ಸಲ ಕಾನ್ಸಲ್, ಅಂದರೆ ರೋಮಿನ ಅತಿ ದೊಡ್ಡ ಅಧಿಕಾರಿ, ಆಗಿದ್ದ ದೊಡ್ಡ ಮನುಷ್ಯ. ತಪ್ಪೇನು? ಮನೆಯಲ್ಲಿ ಹತ್ತು ಪೌಂಡ್ ಬೆಳ್ಳಿ ಪಾತ್ರೆ ಇಟ್ಟುಕೊಂಡಿದ್ದ. ಅಂದರೆ ಮೂರು ಕೆಜಿಗಿಂತ ತುಸು ಜಾಸ್ತಿ. ಈ ಲೆಕ್ಕ ಹಿಡಿದರೆ ನಮ್ಮ ಚುನಾವಣಾ ಅಫಿಡವಿಟ್‌ಗೆ ಸಹಿ ಹಾಕಲು ಯಾರೂ ಉಳಿಯುವುದಿಲ್ಲ.

ಸೆನ್ಸಾರರಲ್ಲಿ ದೊಡ್ಡ ಹೆಸರು ಕೇಟೋನದು, ಕ್ರಿ.ಪೂ. 184. ಹಗಲು ಹೊತ್ತಿನಲ್ಲಿ, ಮಗಳ ಎದುರಿಗೆ, ಹೆಂಡತಿಗೆ ಮುತ್ತು ಕೊಟ್ಟ ಅಂತ ಒಬ್ಬನನ್ನು ಸೆನೆಟ್ಟಿನಿಂದ ಕಿತ್ತುಹಾಕಿದ ಮಹಾನುಭಾವ. ಗ್ರೀಕ್ ಲೇಖಕ ಪ್ಲುಟಾರ್ಕ್ ಇದನ್ನು ಬರೆದಿಟ್ಟಿದ್ದಾನೆ. ತನ್ನ ಹೆಂಡತಿ ತನ್ನನ್ನು ತಬ್ಬಿಕೊಳ್ಳುವುದು ಜೋರಾಗಿ ಗುಡುಗಿದಾಗ ಮಾತ್ರ ಎಂದು ಕೇಟೋ ಹೇಳಿಕೊಳ್ಳುತ್ತಿದ್ದನಂತೆ. ಗುಡುಗಿದರೆ ತಾನು ಸುಖಿ ಅಂತ ತಮಾಷೆಯನ್ನೂ ಮಾಡುತ್ತಿದ್ದನಂತೆ. ಆಗುಂಬೆಯಲ್ಲಿ ಹುಟ್ಟಬೇಕಿತ್ತು ಪುಣ್ಯಾತ್ಮ.

ಸರಿ, ಮೌಲ್ಯಮಾಪನ ಶುರುವಾಯಿತು. ಮೊದಲು ಸಿಕ್ಕಿದವನು ಶೇಕ್ಸ್‌ಪಿಯರ್ ನಾಟಕದ ಹ್ಯಾಮ್ಲೆಟ್. "ಕಾನ್ಸ್ಟಾಂಟಿಯಾ ಸೊನ್ನೆ," ಅಂದ ನಮ್ಮ ಹುಡುಗ. ಅಂದರೆ ಸ್ಥಿರತೆ ಇಲ್ಲ. ಅಪ್ಪನ ದೆವ್ವವೇ ಬಂದು ಚಿಕ್ಕಪ್ಪನನ್ನು ಮುಗಿಸು ಅಂದರೂ ನಾಟಕದ ಐದೂ ಅಂಕ ಗೊಣಗುತ್ತಾನೆ. "ರೋಮಿನ ಮೊದಲ ಬ್ರೂಟಸ್ ನೋಡು ಮಾಮ. ಅವನೂ ಹ್ಯಾಮ್ಲೆಟ್ ಥರ ಪೆದ್ದನ ವೇಷ ಹಾಕಿದ್ದ. ಆದರೆ ರಾಜನನ್ನು ಓಡಿಸಿದ, ಕ್ರಿ.ಪೂ. 509ರಲ್ಲಿ ಕಾನ್ಸಲ್ ಆದ, ಸ್ವಂತ ಮಕ್ಕಳಿಬ್ಬರು ಪಿತೂರಿ ಮಾಡಿದರು ಅಂತ ಎದುರಿಗೇ ಕೂತು ತಲೆ ತೆಗೆಸಿದ. ಕಣ್ಣು ಮಿಟುಕಿಸಲಿಲ್ಲ." ಹೌದಪ್ಪ, ಎಫಿಷಿಯನ್ಸಿ ಅಂದರೆ ಅದು. ಹ್ಯಾಮ್ಲೆಟ್ ಯೋಚನೆ ಮಾಡುತ್ತಾ ಕೂತು ಎಂಟು ಹೆಣ ಬಿತ್ತು. ಬ್ರೂಟಸ್ ಯೋಚನೆ ಮಾಡಲಿಲ್ಲ, ಮನೆಯಲ್ಲಿ ಬಿದ್ದದ್ದು ಎರಡೇ.

ಗ್ರೀಕ್ ಕಾವ್ಯ ಒಡಿಸ್ಸಿಯ ಪೆನೆಲೊಪಿ ಬಂದಾಗ ಸ್ವಲ್ಪ ಗೊಂದಲವಾಯಿತು. ಗಂಡ ಯುಲಿಸಿಸ್ ಇಪ್ಪತ್ತು ವರ್ಷ ಮನೆಗೆ ಬರಲಿಲ್ಲ, ಈಕೆ ಕಾದಳು. ಪಾತಿವ್ರತ್ಯಕ್ಕೆ ಪೂರ್ತಿ ಅಂಕ. ಮೇಲಾಗಿ ಬಟ್ಟೆ ನೇಯುತ್ತಾಳೆ. ರೋಮಿನವರಿಗೆ ಇದು ಪ್ರಾಣ. ಒಳ್ಳೆಯ ಹೆಂಗಸಿನ ಸಮಾಧಿ ಕಲ್ಲಿನ ಮೇಲೆ "ಮನೆ ನೋಡಿಕೊಂಡಳು, ಉಣ್ಣೆ ನೂತಳು" ಅಂತ ಕೆತ್ತಿಸುತ್ತಿದ್ದರು. ಅಗಸ್ಟಸ್ ಚಕ್ರವರ್ತಿಯೇ ಮಗಳು ಮೊಮ್ಮಕ್ಕಳಿಗೆ ನೂಲುವುದನ್ನೂ ನೇಯುವುದನ್ನೂ ಕಲಿಸಿದ. ಆ ಮಗಳು ಜೂಲಿಯಾಳನ್ನೇ ಕ್ರಿ.ಪೂ. 2ರಲ್ಲಿ ನಡತೆ ಸರಿಯಿಲ್ಲ ಅಂತ ದ್ವೀಪಕ್ಕೆ ಅಟ್ಟಿದ. ಪಠ್ಯಕ್ರಮದಲ್ಲಿ ಏನೋ ಲೋಪ ಇತ್ತು ಅಂತ ಕಾಣುತ್ತದೆ. ಪೆನೆಲೊಪಿಯ ತೊಂದರೆ ಬೇರೆ. ಹಗಲು ನೇಯ್ದದ್ದನ್ನು ಆಕೆ ರಾತ್ರಿ ಬಿಚ್ಚುತ್ತಿದ್ದಳು. "ಕೆಲಸ ಮಾಡಿದ್ದಾಳೆ, ಔಟ್‌ಪುಟ್ ಇಲ್ಲ," ಅಂದ ಹುಡುಗ, ತನ್ನ ಆಫೀಸಿನ ಭಾಷೆಯಲ್ಲಿ. ಗಂಡನಿಗೆ ಅದೂ ಇಲ್ಲ. ಟ್ರಾಯ್ ಯುದ್ಧದಲ್ಲಿ ಮರದ ಕುದುರೆಯ ಮೋಸ ಮಾಡಿದವನು, ಫಿಡೆಸ್ ಸೊನ್ನೆ. ಅಂದರೆ ಕೊಟ್ಟ ಮಾತಿಗೆ ನಿಲ್ಲದವನು. ಹ್ಯಾಮ್ಲೆಟ್, ಒಡಿಸ್ಸಿ ಎರಡೂ ನೆಲಕ್ಕೆ.

ಕೊನೆಗೆ ಈನಿಯಸ್, ರೋಮಿನ ಕವಿ ವರ್ಜಿಲ್‌ನ ಕಾವ್ಯದ ನಾಯಕ. ಹುಡುಗ ಸೆಟೆದು ನಿಂತ. ಇವನು ಸಿಲೆಬಸ್ ಇಟ್ಟುಕೊಂಡೇ ಮಾಡಿದ ನಾಯಕ. ವರ್ಜಿಲ್ ಅವನ ಹೆಸರಿನ ಹಿಂದೆ ಮುಂದೆ "ಪಿಯಸ್" ಅಂತ ಸೇರಿಸುತ್ತಲೇ ಇರುತ್ತಾನೆ. ಪಿಯೆಟಾಸ್ ಉಳ್ಳವನು, ಅಂದರೆ ಅಪ್ಪನ ಋಣ, ದೇವರ ಋಣ, ನಾಡಿನ ಋಣ ಮೂರನ್ನೂ ತೀರಿಸುವವನು. ತನ್ನೂರು ಟ್ರಾಯ್ ಹೊತ್ತಿ ಉರಿಯುವಾಗ ಮುದಿ ಅಪ್ಪನನ್ನು ಹೆಗಲ ಮೇಲೆ ಕೂರಿಸಿಕೊಂಡ. ಅಪ್ಪನ ಕೈಯಲ್ಲಿ ಮನೆದೇವರು. ಮಗನ ಕೈ ತಾನು ಹಿಡಿದುಕೊಂಡ. ಹೆಂಡತಿಗೆ ಹೇಳಿದ, ನೀನು ಸ್ವಲ್ಪ ದೂರದಲ್ಲಿ ಹಿಂದೆ ಬಾ.

ನಮ್ಮ ಹಳೇ ಸ್ಕೂಟರ್ ನೆನಪಾಗುತ್ತದೆ. ಮುಂದೆ ಮಗ, ಹಿಂದೆ ಅಪ್ಪ, ಡಿಕ್ಕಿಯಲ್ಲಿ ದೇವರು. ನೀನು ಆಟೋ ಹಿಡ್ಕೊಂಡು ಬಾ ಕಣೇ. ಅವಳು ಬರಲೇ ಇಲ್ಲ. ಊರಾಚೆ ಸೇರುವ ತನಕ ಇವನು ತಿರುಗಿಯೂ ನೋಡಿರಲಿಲ್ಲ. ಆಮೇಲೆ ಬೆಂಕಿಯೊಳಗೆ ವಾಪಸ್ ಓಡಿ, ಬೀದಿಬೀದಿಯಲ್ಲಿ ಹೆಸರು ಕೂಗಿ ಅತ್ತ, ನಿಜ. ಸಿಕ್ಕಿದ್ದು ಅವಳ ನೆರಳು.

ಮುಂದೆ ಆಫ್ರಿಕಾ ತೀರದ ಕಾರ್ತೇಜಿನಲ್ಲಿ ರಾಣಿ ಡೈಡೋ. ಇಬ್ಬರಿಗೂ ಪ್ರೀತಿಯಾಯಿತು. ದೇವರಾಜ ಜ್ಯೂಪಿಟರ್ ಕಳಿಸಿದ ದೂತ ಬಂದು ನೋಡಿದರೆ ನಮ್ಮ ನಾಯಕ ಅವಳು ಕೊಟ್ಟ ನೇರಳೆ ಶಾಲು ಹೊದ್ದು ಸೈಟ್ ಎಂಜಿನಿಯರ್ ಥರ ಅವಳ ಊರಿನ ಕಟ್ಟಡ ಕಟ್ಟಿಸುತ್ತಿದ್ದಾನೆ. ನಡಿ ಇಟಲಿಗೆ ಅಂದ ದೂತ. ಇವನು ಗುಟ್ಟಾಗಿ ಹಡಗು ಸಜ್ಜು ಮಾಡಿಸಿದ. ಅವಳು ಕೇಳಿದ್ದಕ್ಕೆ, ನಾನು ನನ್ನಿಷ್ಟದಿಂದ ಹೋಗುತ್ತಿಲ್ಲ ಅಂದ. "ಮೇಲಿನವರ ಆರ್ಡರ್" ಎನ್ನುವ ಸಬೂಬು ವರ್ಗಾವಣೆಗಿಂತಲೂ ಹಳೆಯದು ನೋಡಿ. ಅವಳು ಕತ್ತಿಗೆ ಎದೆ ಕೊಟ್ಟು ಸತ್ತಳು. ಇವನಿಗೆ ಪಿಯೆಟಾಸಿನಲ್ಲಿ ನೂರಕ್ಕೆ ನೂರು.

ಸಂತ ಅಗಸ್ಟೀನ್ ಹುಡುಗನಾಗಿದ್ದಾಗ ಇದನ್ನು ಓದಿ ಅತ್ತದ್ದು ಡೈಡೋಗಾಗಿ. ಆಮೇಲೆ ಅದನ್ನೇ ಪಾಪ ಅಂತ ಬರೆದುಕೊಂಡ. ಪಾಪವೋ ಏನೋ, ಅತ್ತನಲ್ಲ.

"ಅದು ಬಿಡು ಮಾಮ, ಕೊನೆಗೆ ಗೆದ್ದನಲ್ಲ?" ಗೆದ್ದ. ಕೊನೆಯ ಪುಟ ತೆರೆಸಿದೆ. ಶತ್ರು ಟರ್ನಸ್ ಗಾಯಗೊಂಡು ನೆಲದ ಮೇಲೆ ಕೈ ಚಾಚಿ ಬೇಡುತ್ತಿದ್ದಾನೆ. ಈನಿಯಸ್ ಒಂದು ಕ್ಷಣ ತಡೆಯುತ್ತಾನೆ. ಅಷ್ಟರಲ್ಲಿ, ಟರ್ನಸ್ ಕೊಂದಿದ್ದ ತನ್ನ ಗೆಳೆಯನ ನಡುಪಟ್ಟಿ ಟರ್ನಸ್‌ನ ಹೆಗಲ ಮೇಲೆ ಕಾಣುತ್ತದೆ. ಸಿಟ್ಟು ನೆತ್ತಿಗೇರಿ ಕತ್ತಿ ಇಳಿಸಿಬಿಡುತ್ತಾನೆ. ಕಾವ್ಯ ಅಲ್ಲಿಗೇ ಮುಗಿಯುತ್ತದೆ. ಕ್ರಿ.ಪೂ. 27ರಲ್ಲಿ ಸೆನೆಟ್ಟು ಅಗಸ್ಟಸ್‌ಗೆ ಚಿನ್ನದ ಗುರಾಣಿ ಕೊಟ್ಟಿತ್ತು. ಅದರ ಮೇಲೆ ನಾಲ್ಕು ಗುಣ: ಶೌರ್ಯ, ಕರುಣೆ, ನ್ಯಾಯ, ಪಿಯೆಟಾಸ್. ಎರಡನೆಯದರಲ್ಲಿ ನಮ್ಮ ರ‍್ಯಾಂಕ್ ಸ್ಟೂಡೆಂಟ್ ಫೇಲು. ಹುಡುಗ ಪುಟ ತಿರುಗಿಸಿ ನೋಡಿದ, ಮುಂದೆ ಇನ್ನೇನಾದರೂ ಇದೆಯಾ ಅಂತ. ಇರಲಿಲ್ಲ.

"ಹಾಗಾದ್ರೆ ಕಥೆಯವರು ಬೇಡ. ನಿಜವಾದ ರೋಮನ್ನರನ್ನೇ ತಗೋ. ಸೀಸರನನ್ನು ಇರಿದ ಬ್ರೂಟಸ್!" ಶೇಕ್ಸ್‌ಪಿಯರ್ ನಾಟಕದಲ್ಲಿ ಎಲ್ಲರಿಗಿಂತ ಉದಾತ್ತ ರೋಮನ್ ಅಂತ ಹೊಗಳಿಸಿಕೊಂಡವನು. ಈ ಉದಾತ್ತ ಮನುಷ್ಯ ಸೈಪ್ರಸ್ಸಿನ ಸಲಾಮಿಸ್ ಊರಿಗೆ ಏಜೆಂಟರನ್ನು ಮುಂದಿಟ್ಟುಕೊಂಡು ಸಾಲ ಕೊಟ್ಟಿದ್ದ. ಬಡ್ಡಿ ವರ್ಷಕ್ಕೆ 48 ಪರ್ಸೆಂಟ್. ರೋಮಿನವರೂ ನಮ್ಮ ಹಾಗೇ ತಿಂಗಳ ಲೆಕ್ಕ ಹಿಡಿಯುವವರು, ಅಂದರೆ ನೂರಕ್ಕೆ ನಾಲ್ಕು. ಮೀಟರ್ ಬಡ್ಡಿ. ವಸೂಲಿಗೆ ಹೋದ ಏಜೆಂಟ್ ಕುದುರೆ ಸವಾರರನ್ನು ಕರೆದುಕೊಂಡು ಹೋಗಿ ಊರಿನ ಸಭೆಯನ್ನೇ ಒಳಗೆ ಹಾಕಿ ಮುತ್ತಿಗೆ ಹಾಕಿಸಿದ. ಐವರು ಹಸಿವಿನಿಂದ ಸತ್ತರು. ರೋಮಿನ ಹೆಸರಾಂತ ವಾಗ್ಮಿ ಸಿಸೆರೋ ಆ ಪ್ರಾಂತ್ಯಕ್ಕೆ ಗವರ್ನರ್ ಆಗಿ ಬಂದಾಗ ಇದೆಲ್ಲ ಅವನ ಪತ್ರಗಳಲ್ಲಿ ಹೊರಬಿತ್ತು. ಅವನು 12 ಪರ್ಸೆಂಟ್ ಅಂತ ಆದೇಶ ಮಾಡಿದ್ದ, ಸಾಲ ಯಾರದು ಅಂತ ಗೊತ್ತಾದ ಮೇಲೆ ಪ್ರಕರಣವನ್ನು ಹಾಗೇ ಬಿಟ್ಟ. ಫೈಲ್ ಪೆಂಡಿಂಗ್.

ಮಿತವ್ಯಯದ ಮಾತಂತೂ ಕೇಳಲೇಬೇಡಿ. ಭಾರತ ವರ್ಷಕ್ಕೆ ಐದು ಕೋಟಿ ಸೆಸ್ಟರ್ಸ್ ನಾಣ್ಯ ನಮ್ಮಿಂದ ಹೀರಿಕೊಳ್ಳುತ್ತಿದೆ ಅಂತ ರೋಮಿನ ಲೇಖಕ ಪ್ಲಿನಿ ಗೋಳಾಡಿದ್ದಾನೆ. ಸಾರಿಗೆ ಕರಿಮೆಣಸು ಬೇಕಲ್ಲ! ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಅಗೆದಾಗ ಅಗಸ್ಟಸ್, ಟೈಬೀರಿಯಸ್ ಕಾಲದ ನಾಣ್ಯ ಸಿಕ್ಕಿವೆ. ಯಶವಂತಪುರದಲ್ಲೂ ರೋಮನ್ ಬೆಳ್ಳಿ ಸಿಕ್ಕಿದೆ. ಗುಣ ಬಂದಿತ್ತೋ ಇಲ್ಲವೋ, ದುಡ್ಡು ಬಂದಿತ್ತು.

ಸಂಜೆಯಾಯಿತು. ನೆಲದ ಮೇಲೆ ಪುಸ್ತಕದ ಗುಡ್ಡೆ, ಕಪಾಟು ಖಾಲಿ. ಹುಡುಗ ಕಾಫಿಗೆ ಮೂರನೇ ಚಮಚ ಸಕ್ಕರೆ ಹಾಕಿಕೊಳ್ಳುತ್ತಾ, "ಹಾಗಾದ್ರೆ ಒಬ್ಬರೂ ಪಾಸ್ ಆಗಲ್ವಾ?" ಅಂತ ಸಪ್ಪಗೆ ಕೇಳಿದ.

ಒಬ್ಬನಿದ್ದಾನೆ ಅಂದೆ. ಕ್ರಿ.ಪೂ. 458ರಲ್ಲಿ ರೋಮಿಗೆ ಕಷ್ಟ ಬಂದು, ದೂತರು ಸಿನ್ಸಿನೇಟಸ್‌ನನ್ನು ಹುಡುಕಿಕೊಂಡು ಅವನ ಹೊಲಕ್ಕೆ ಹೋದರು. ಅವನು ಉಳುತ್ತಿದ್ದ. ನೇಗಿಲು ಬಿಟ್ಟು, ಹೆಂಡತಿಯ ಕೈಲಿ ಟೋಗಾ ತರಿಸಿ ಹೊದ್ದುಕೊಂಡು ಸರ್ವಾಧಿಕಾರಿಯಾಗಿ ಹೋದ. ಯುದ್ಧ ಗೆದ್ದ, ಹದಿನಾರನೇ ದಿನಕ್ಕೆ ಅಧಿಕಾರ ಬಿಟ್ಟ.

"ಗೊತ್ತು ಮಾಮ! ಸಿನ್ಸಿನೇಟಸ್!"

ಅವನಲ್ಲ, ಅವನ ಎತ್ತು. ನಗುವುದಿಲ್ಲ, ಗ್ರಾವಿಟಾಸ್. ಬೆಳಗಿನಿಂದ ಸಂಜೆವರೆಗೆ ದುಡಿಯುತ್ತದೆ, ಇಂಡಸ್ಟ್ರಿಯಾ. ಹುಲ್ಲು ತಿಂದು ನೀರು ಕುಡಿಯುತ್ತದೆ, ಬೆಳ್ಳಿ ಪಾತ್ರೆ ಕೇಳುವುದಿಲ್ಲ. ಬಡ್ಡಿಗೆ ಕೊಡುವುದಿಲ್ಲ. ಹಗಲು ಹೊತ್ತಿನಲ್ಲಿ ಯಾರಿಗೂ ಮುತ್ತು ಕೊಡುವುದಿಲ್ಲ. ನೂರಕ್ಕೆ ನೂರು.

ಹುಡುಗ ನಕ್ಕ. ಆಮೇಲೆ, "ಮುಂದೆ ಆ ಎತ್ತು ಏನಾಯ್ತು?" ಅಂದ. ಸಿನ್ಸಿನೇಟಸ್‌ನ ಎತ್ತಿನ ಕಥೆಯನ್ನು ಯಾರೂ ಬರೆದಿಲ್ಲ. ಆದರೆ ಅದೇ ಕೇಟೋ ಬೇಸಾಯದ ಬಗ್ಗೆ ಪುಸ್ತಕ ಬರೆದಿದ್ದಾನೆ. ಜಮೀನಿನ ಯಜಮಾನ ಏನೇನು ಮಾರಿಬಿಡಬೇಕು ಅನ್ನುವ ಪಟ್ಟಿ ಅದರಲ್ಲಿದೆ. ಓದಿ ಹೇಳಿದೆ: ಮುದಿ ಎತ್ತು, ಊನವಾದ ದನ, ಊನವಾದ ಕುರಿ, ಉಣ್ಣೆ, ಚರ್ಮ, ಹಳೇ ಗಾಡಿ, ಹಳೇ ಕಬ್ಬಿಣದ ಸಾಮಾನು, ಮುದಿ ಗುಲಾಮ, ಕಾಯಿಲೆ ಬಿದ್ದ ಗುಲಾಮ.