ಹತ್ತು ಸಾಲು ಬರಿ ಅಂದರು

ದೊಡ್ಡಪ್ಪ ತೀರಿಕೊಂಡ ಐದನೇ ದಿನ ಅತ್ತೆಯ ಮಗ ಫೋನ್ ಮಾಡಿದ. "ಉತ್ತರಕ್ರಿಯೆ ದಿನ ನುಡಿನಮನ ಇಟ್ಕೊಂಡಿದ್ದೇವೆ ಮಾರಾಯ, ಫೋಟೋ ಹಾಕಿ ಒಂದು ಕಾರ್ಡ್ ಮಾಡಿಸುವ. ನೀನು ಫೇಸ್‌ಬುಕ್ಕಲ್ಲಿ ಉದ್ದುದ್ದ ಬರೀತೀಯಲ್ಲ, ಅವರ ಬಗ್ಗೆ ಒಂದು ಹತ್ತು ಸಾಲು ಬರಿ. ಹತ್ತೇ ಸಾಕು."

ಹತ್ತು ಸಾಲು ಅಲ್ವಾ, ಅರ್ಧ ಗಂಟೆ ಕೆಲಸ ಅಂದುಕೊಂಡೆ. ನಾಲ್ಕು ದಿನ ಹಿಡಿಯಿತು. ಕೊನೆಗೆ ಕಾರ್ಡಿನಲ್ಲಿ ಬಂದದ್ದು ಆರು ಸಾಲು. ಅದರಲ್ಲೂ ಹೆಸರು ಬಿಟ್ಟರೆ ಮೊದಲನೆಯದೇ ತಪ್ಪು, ತಪ್ಪು ಅಂತ ಗೊತ್ತಿದ್ದೇ ಹಾಕಿದ್ದು.

ಮೊದಲನೇ ಸಾಲು ಹುಟ್ಟಿದ ದಿನ. ಆಧಾರ್ ಕಾರ್ಡಿನಲ್ಲಿ 01-06-1942 ಅಂತಿದೆ. ಜೂನ್ ಒಂದು ಅಂದ ಕೂಡಲೇ ನಿಮಗೂ ಗೊತ್ತಾಗಿರುತ್ತದೆ. ಹಳ್ಳಿ ಶಾಲೆಯಲ್ಲಿ ಓದಿದ ಹಳೆ ತಲೆಗಳಲ್ಲಿ ಎಷ್ಟು ಜನರ ಹುಟ್ಟುಹಬ್ಬ ಅವತ್ತೇ! ಶಾಲೆ ಶುರುವಾಗುವ ಹೊತ್ತಿಗೆ ಹುಡುಗನಿಗೆ ವಯಸ್ಸು ತುಂಬಿರಬೇಕು, ಕರೆದುಕೊಂಡು ಬಂದ ಅಪ್ಪನಿಗೆ ತಾರೀಕು ನೆನಪಿಲ್ಲ, ಹೆಡ್‌ಮಾಸ್ಟ್ರು ಲೆಕ್ಕ ಸರಿ ಬರುವ ಹಾಗೆ ಒಂದನ್ನು ಬರೆದುಕೊಂಡರು, ಮುಗೀತು. ಸಿದ್ದರಾಮಯ್ಯನವರ 75ನೇ ಹುಟ್ಟುಹಬ್ಬಕ್ಕೆ 2022ರ ಆಗಸ್ಟ್ 3ರಂದು ದಾವಣಗೆರೆಯಲ್ಲಿ ಎಷ್ಟು ಜನ ಸೇರಿದ್ದರು ನೆನಪಿದೆಯಲ್ಲ, ಆ ತಾರೀಕು ಕೂಡ ಮೇಷ್ಟ್ರು ಬರೆಸಿದ್ದು ಅಂತ ಅವರೇ ಹೇಳಿಕೊಂಡಿದ್ದಾರೆ. ನಮ್ಮ ಅಜ್ಜಿ ಇರುವಾಗ ಹೇಳುತ್ತಿದ್ದದ್ದು ಬೇರೆ. ದೊಡ್ಡಪ್ಪ ಹುಟ್ಟಿದ್ದು ಸೋಣೆ ತಿಂಗಳಲ್ಲಂತೆ. ಸೂಲಗಿತ್ತಿ ಹೊಳೆ ದಾಟಿ ಬರುವಷ್ಟರಲ್ಲಿ ಹುಟ್ಟಿಯಾಗಿತ್ತಂತೆ. ಸೋಣೆ ಅಂದರೆ ಆಗಸ್ಟ್ ಅರ್ಧ ಕಳೆದ ಮೇಲೆ. ಯಾವ ವರ್ಷ ಅಜ್ಜಿ ಅಂತ ಕೇಳಿದರೆ, ನಿನ್ನ ಅಜ್ಜ ಹೊಸ ಜೋಡಿ ಕೋಣ ತಂದ ವರ್ಷ ಅನ್ನುತ್ತಿದ್ದಳು. ಅದನ್ನು ಕಾರ್ಡಲ್ಲಿ ಹಾಕುವುದು ಹೇಗೆ ಹೇಳಿ.

ಎರಡನೇ ಸಾಲು ಊರು. ಇದಾದರೂ ಸುಲಭ ಅಂದುಕೊಂಡರೆ ಅದೂ ಅಲ್ಲ. ಕುಂದಾಪುರದ ಹತ್ತಿರದ ನಮ್ಮ ಹಳ್ಳಿ ಇದ್ದಲ್ಲೇ ಇದೆ. ಆದರೆ ದೊಡ್ಡಪ್ಪ ಹನ್ನೆರಡನೇ ವಯಸ್ಸಿಗೆ ಬೊಂಬಾಯಿಗೆ ಹೋಗುವಾಗ ಅದು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ. 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. 1973ರಲ್ಲಿ ಅದೇ ರಾಜ್ಯ ಕರ್ನಾಟಕ ಆಯಿತು. 1997ರಲ್ಲಿ ಜಿಲ್ಲೆ ಉಡುಪಿ ಆಯಿತು. ಅತ್ತ ಬೊಂಬಾಯಿ ಕೂಡ 1960ರಲ್ಲಿ ಮಹಾರಾಷ್ಟ್ರಕ್ಕೆ ಹೋಯಿತು. ಮನುಷ್ಯ ಎರಡೇ ಊರಲ್ಲಿ ಬದುಕಿದ, ಕಾಗದ ನೋಡಿದರೆ ಊರೂರು ಅಲೆದ ಹಾಗೆ ಕಾಣುತ್ತದೆ.

ಮೂರನೇ ಸಾಲಿಗೆ ನಾನು ಪೂರ್ತಿ ಸೋತೆ. ಬೊಂಬಾಯಿ.

ಕರಾವಳಿಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮನೆಯಲ್ಲಿ ಗಂಜಿಗೆ ಗತಿಯಿಲ್ಲದಿದ್ದರೆ, ಮೇಷ್ಟ್ರ ಪೆಟ್ಟು ತಡೆಯಲಾಗದಿದ್ದರೆ, ಅಥವಾ ಅಪ್ಪನ ಮೇಲೆ ಸಿಟ್ಟು ಬಂದರೆ ಹುಡುಗರು ಬೊಂಬಾಯಿಗೆ ಹೋಗುತ್ತಿದ್ದರು. ಅಲ್ಲಿ ಮಾಟುಂಗ, ಕೋಟೆ ಅಂತ ಎಲ್ಲ ಕಡೆ ಉಡುಪಿ ಹೋಟೆಲು. ಮೊದಲು ಕ್ಲೀನರ್, ಆಮೇಲೆ ಸಪ್ಲೈಯರ್, ಅದೃಷ್ಟ ಇದ್ದರೆ ಗಲ್ಲೆ. ರಾತ್ರಿ ಅದೇ ಹೋಟೆಲಿನ ಮೇಜಿನ ಮೇಲೆ ನಿದ್ದೆ. ಕನ್ನಡದ ರಾತ್ರಿ ಶಾಲೆಗಳಿದ್ದವು, ಎಷ್ಟೋ ಹೋಟೆಲ್ ಮಾಣಿಗಳು ಅಲ್ಲಿ ಓದಿ ಆಫೀಸು ಸೇರಿದರು, ತಾವೇ ಹೋಟೆಲು ಇಟ್ಟರು. ಈ ಕಥೆ ನಮಗೆಲ್ಲ ಬಾಯಿಪಾಠ. ಅಲ್ಲೇ ಎಡವಟ್ಟಾಗುವುದು. "ಬೊಂಬಾಯಿ ಹೋಟೆಲಲ್ಲಿದ್ರು" ಅಂದರೆ ಸಾಕು, ಉಳಿದದ್ದನ್ನು ನಾವೇ ತುಂಬಿಸಿಕೊಳ್ಳುತ್ತೇವೆ. ಆ ಒಬ್ಬ ಮನುಷ್ಯನಿಗೆ ಏನಾಯಿತು ಅಂತ ಕೇಳುವುದೇ ಇಲ್ಲ.

ಹೇಗೆ ಹೋದರು ಅಂತ ಕೇಳಿದೆ. ಚಿಕ್ಕಪ್ಪ ಹೇಳಿದರು, ಮಂಗಳೂರಿಂದ ಹಡಗಲ್ಲಿ. ಅತ್ತೆ ಹೇಳಿದಳು, ಇಲ್ಲ ಇಲ್ಲ, ಘಾಟಿ ಹತ್ತಿ ಬಸ್ಸಲ್ಲಿ, ನಾನೇ ಅವಲಕ್ಕಿ ಕಟ್ಟಿ ಕೊಟ್ಟದ್ದು. ಆಗ ಅತ್ತೆಗೆ ನಾಲ್ಕು ವರ್ಷ. ಪಕ್ಕದ ಮನೆಯ ಅಜ್ಜರು ಮಾತ್ರ, ಹೋದದ್ದಲ್ಲ, ಓಡಿ ಹೋದದ್ದು ಅಂದರು. ಕೊಂಕಣ ರೈಲಿನಲ್ಲಿ ಅಂತ ಯಾರೂ ಹೇಳಲಿಲ್ಲ ಅನ್ನುವುದೇ ಸಮಾಧಾನ, ಅದು ಪೂರ್ತಿ ಓಡಿದ್ದೇ 1998ರಲ್ಲಿ.

ದೊಡ್ಡಪ್ಪನೇ ಏನು ಹೇಳಿದ್ದರು? ಏನೂ ಇಲ್ಲ. ಹದಿನೆಂಟು ವರ್ಷ ಅಲ್ಲಿದ್ದು ಬಂದ ಮನುಷ್ಯ ಬೊಂಬಾಯಿ ಬಗ್ಗೆ ನನ್ನ ಹತ್ತಿರ ಆಡಿದ್ದು ಎರಡು ಮಾತು. ಒಂದು, ಅಲ್ಲಿಯ ನೀರಲ್ಲಿ ಚಾ ಚೆನ್ನಾಗಿ ಆಗುತ್ತದೆ. ಇನ್ನೊಂದು, ಮಳೆ ನಮ್ಮಲ್ಲಿಯ ಹಾಗೆಯೇ. ಆದರೆ ಅವರ ಕೈ ನೋಡಬೇಕಿತ್ತು. ನನ್ನ ಮದುವೆಯಲ್ಲಿ, ಎಪ್ಪತ್ತು ದಾಟಿದ ಮೇಲೆ, ಬಡಿಸುವ ಹುಡುಗ ನೀರಿನ ಲೋಟ ಒಂದೊಂದೇ ತರುವುದನ್ನು ನೋಡುತ್ತಾ ಕೂತಿದ್ದವರು ತಡೆಯಲಾರದೆ ಎದ್ದರು. ಬಲಗೈ ಬೆರಳುಗಳನ್ನು ಲೋಟಗಳ ನಡುವೆ ತೂರಿಸಿ ಒಂದೇ ಹಿಡಿಗೆ ಆರು ಲೋಟ ಎತ್ತಿಕೊಂಡು ಹೋದರು, ಒಂದು ಹನಿ ಚೆಲ್ಲಲಿಲ್ಲ. ಮನೆಯಲ್ಲಿ ಮೇಜು ಒರೆಸುವುದೂ ಹಾಗೆಯೇ. ಬಟ್ಟೆಯನ್ನು ಮೂರು ಮಡಿಕೆ ಮಾಡಿ ಆ ತುದಿಯಿಂದ ತಮ್ಮ ಕಡೆಗೆ ಒಂದೇ ಎಳೆತ, ಎಂಜಲು ಎಡಗೈಯ ತಟ್ಟೆಗೆ. ಉಂಡ ತಟ್ಟೆಯನ್ನು ಬೇರೆ ಯಾರೂ ತೊಳೆಯಲು ಬಿಡುತ್ತಿರಲಿಲ್ಲ. ಯಾವ ಹೋಟೆಲಿಗೆ ಕರೆದರೂ ಬರುತ್ತಿರಲಿಲ್ಲ. ದುಡ್ಡು ಬಿಚ್ಚಬೇಕಾಗುತ್ತದೆ ಅಂತ ನಾವು ನಗುತ್ತಿದ್ದೆವು.

ಇಲ್ಲೊಂದು ತಪ್ಪೊಪ್ಪಿಗೆ ಇದೆ. ಕೆಲವು ವರ್ಷದ ಹಿಂದೆ ನಾನು ಇದೇ ಗೋಡೆ ಮೇಲೆ "ನಮ್ಮ ಜಿಪುಣ ದೊಡ್ಡಪ್ಪ" ಅಂತ ಒಂದು ತಮಾಷೆ ಪೋಸ್ಟ್ ಹಾಕಿದ್ದೆ. ಹಳೆಯ ಸೋಪಿನ ಚೂರನ್ನು ಹೊಸ ಸೋಪಿಗೆ ಅಂಟಿಸುವುದು, ಮದುವೆ ಕಾಗದದ ಹಿಂದೆ ಲೆಕ್ಕ ಬರೆಯುವುದು, ಇಂಥದ್ದೆಲ್ಲ. ಸಿಕ್ಕಾಪಟ್ಟೆ ಲೈಕು ಬಂತು. ಯಾರೋ ಅವರಿಗೆ ಓದಿ ಹೇಳಿದ್ದಾರೆ. ಮುಂದಿನ ಸಲ ಊರಿಗೆ ಹೋದಾಗ "ಲಾಯ್ಕ್ ಇತ್ತ್ ಮಗಾ" ಅಂದರು. ಅಷ್ಟೇ. ಬೇಜಾರಾಗಿ ಅಂದರಾ, ನಿಜವಾಗಲೂ ಇಷ್ಟವಾಗಿ ಅಂದರಾ, ಇವತ್ತಿಗೂ ಗೊತ್ತಾಗಿಲ್ಲ.

ಸರಿ, ಬಾಯಿಮಾತು ನಂಬುವುದು ಬೇಡ, ಕಾಗದ ನೋಡುವ ಅಂತ ಅವರ ತಗಡಿನ ಟ್ರಂಕು ತೆಗೆಸಿದೆ. ಮೇಲೆ ಜಾಗದ ಕಾಗದ. ನಮ್ಮ ಕಡೆ 1974ರ ಭೂ ಸುಧಾರಣೆ ಅಂದರೆ ಅದು ಒಂದು ಕಾಯಿದೆ ಅಲ್ಲ, ಹಬ್ಬ. ಗೇಣಿಗೆ ಇದ್ದವರೆಲ್ಲ ಡಿಕ್ಲರೇಶನ್ ಹಾಕಿದ್ದು ಆಗಲೇ. ಅಜ್ಜನೂ ಹಾಕಿದ್ದಾನೆ. ಅದರ ಜೊತೆಗಿರುವ ಹೇಳಿಕೆಯಲ್ಲಿ ಏನಿದೆ ಗೊತ್ತಾ? ಹಿರಿಯ ಮಗ ಚಿಕ್ಕಂದಿನಿಂದ ತನ್ನ ಜೊತೆಗೇ ಈ ಗದ್ದೆ ಉಳುಮೆ ಮಾಡಿಕೊಂಡು ಬಂದಿದ್ದಾನೆ ಅಂತ! ಅಂದರೆ ಸರ್ಕಾರದ ಕಡತದ ಪ್ರಕಾರ ನಮ್ಮ ದೊಡ್ಡಪ್ಪ ಬೊಂಬಾಯಿಗೆ ಹೋಗಲೇ ಇಲ್ಲ. ನಗು ಬಂತು. ಅಜ್ಜನನ್ನು ತಪ್ಪು ಅನ್ನಲು ಮನಸ್ಸು ಬರಲಿಲ್ಲ, ಗದ್ದೆ ಉಳಿಯಬೇಕಿತ್ತಲ್ಲ. ಆದರೆ ನಾಳೆ ಯಾರಾದರೂ ಓದಿದವರು ಬಂದು ಈ ಕಡತ ಹಿಡಿದುಕೊಂಡು ನಮ್ಮ ಮನೆ ಚರಿತ್ರೆ ಬರೆದರೆ, ಸಹಿ ಸಾಕ್ಷಿ ಸಮೇತ ತಪ್ಪು ಬರೆಯುತ್ತಾರೆ.

ಅದರ ಕೆಳಗೆ, ಲೋಕಲ್ ಟ್ರೈನಿನ ಪಾಸ್ ಇಡುವ ಹಳೇ ಪ್ಲಾಸ್ಟಿಕ್ ಕವರಿನೊಳಗೆ, ಹನ್ನೊಂದು ಚೀಟಿ ಇತ್ತು. ಮನಿಯಾರ್ಡರ್ ಚೀಟಿ.

ಈಗಿನ ಮಕ್ಕಳಿಗೆ ಮನಿಯಾರ್ಡರ್ ಗೊತ್ತಿರಲಿಕ್ಕಿಲ್ಲ. ಒಂದು ಉದ್ದ ಫಾರ್ಮು. ಅದರಲ್ಲಿ ಎರಡು ಮಾತು ಬರೆಯಲು ಜಾಗ ಇರುವ ಒಂದು ತುಂಡು. ಪೋಸ್ಟ್‌ಮ್ಯಾನ್ ಆ ತುಂಡನ್ನು ಹರಿದು ದುಡ್ಡಿನ ಜೊತೆ ದುಡ್ಡು ಪಡೆದವರಿಗೆ ಕೊಟ್ಟು ಬರುತ್ತಿದ್ದ. ಇನ್ನೊಂದು ತುಂಡಿಗೆ ಅವರ ಸಹಿ ಹಾಕಿಸಿಕೊಂಡು ಬರುತ್ತಿದ್ದ, ದುಡ್ಡು ಸೇರಿತು ಅನ್ನುವ ಗುರುತಿಗೆ ಅದು ಕಳಿಸಿದವನಿಗೆ ವಾಪಸ್ ಬರುತ್ತಿತ್ತು. ದೊಡ್ಡಪ್ಪನ ಹತ್ತಿರ ಇದ್ದದ್ದು ಈ ವಾಪಸ್ ಬಂದ ತುಂಡುಗಳು. 1961ರಿಂದ 1963ರ ತನಕ. ಒಂದೊಂದೂ ಹದಿನೈದು ರೂಪಾಯಿ. ಎಲ್ಲದರ ಮೇಲೂ ಒಬ್ಬಳೇ ಹೆಂಗಸಿನ ಹೆಸರು, ಹೆಸರಿನ ಪಕ್ಕ ಹೆಬ್ಬೆಟ್ಟು. ನಮ್ಮ ಮನೆತನದಲ್ಲಿ ಆ ಹೆಸರಿನವರು ಯಾರೂ ಇಲ್ಲ. ಊರೂ ನಮ್ಮದಲ್ಲ. ಹೆಸರನ್ನೂ ಊರನ್ನೂ ಇಲ್ಲಿ ಬರೆಯುವುದಿಲ್ಲ, ಕಾಮೆಂಟಲ್ಲಿ ಕೇಳಬೇಡಿ.

ಅವತ್ತು ರಾತ್ರಿ ಚಾವಡಿಯಲ್ಲಿ ಕೂತು ಎಲ್ಲರೂ ಅದನ್ನೇ ಮಾತಾಡಿದ್ದು. ಚಿಕ್ಕಪ್ಪ, ಜೀವಮಾನ ಇಡೀ ಬಡ್ಡಿ ಲೆಕ್ಕ ನೋಡಿದವರು, ಚೀಟಿ ತಿರುಗಿಸಿ ನೋಡಿ "ಸಾಲ. ಕಂತಲ್ಲಿ ತೀರಿಸಿದ್ದಾನೆ. ಹನ್ನೊಂದು ಹದಿನೈದಲಿ ನೂರ ಅರವತ್ತೈದು, ನೋಡು" ಅಂದರು. ಅತ್ತೆ ದನಿ ತಗ್ಗಿಸಿ, ಹೆಣ್ಣಿನ ವಿಷಯ ಅಂದಳು. ಅವರು ಮದುವೆಗೆ ಅಷ್ಟು ವರ್ಷ ಯಾಕೆ ಒಪ್ಪಲಿಲ್ಲ ಅಂತ ಈಗ ಗೊತ್ತಾಯಿತಲ್ಲ ಅಂದಳು. ಅತ್ತೆಯ ಮಗನದು ಬೇರೆ ಕಥೆ. ಜೊತೆಗೆ ಕೆಲಸ ಮಾಡುತ್ತಿದ್ದ ಯಾರೋ ಹುಡುಗ ಸತ್ತಿರಬೇಕು, ಊರಲ್ಲಿ ಅವನ ತಾಯಿಗೆ ಮಗ ಸತ್ತದ್ದು ತಿಳಿಸದೆ ಇವರೇ ದುಡ್ಡು ಕಳಿಸುತ್ತಿದ್ದಿರಬೇಕು, ಆ ತಾಯಿ ತೀರಿಕೊಂಡ ಮೇಲೆ ನಿಂತಿರಬೇಕು. ಅವನು ಧಾರಾವಾಹಿ ಜಾಸ್ತಿ ನೋಡುತ್ತಾನೆ.

ನೋಡ್ತಾ ನೋಡ್ತಾ ಒಂದು ಹೊಳೆಯಿತು. ಮೂರು ಜನರೂ ದೊಡ್ಡಪ್ಪನ ಬಗ್ಗೆ ಹೇಳುತ್ತಿರಲಿಲ್ಲ. ನನಗೆ ಅವತ್ತು ಗೊತ್ತಾದದ್ದು ಚಿಕ್ಕಪ್ಪನಿಗೆ ದುಡ್ಡು ಬಿಟ್ಟು ಬೇರೆ ಕಾರಣ ಹೊಳೆಯುವುದಿಲ್ಲ ಅಂತ, ಅತ್ತೆಗೆ ಅಣ್ಣನ ಮೇಲೆ ಯಾವುದೋ ಹಳೇ ಕೋಪ ಇದೆ ಅಂತ.

ಮತ್ತೆ ನಾನು? ನಾನೇನು ಕಮ್ಮಿ. ನನಗೆ ಇಷ್ಟವಾದದ್ದು ಮೂರನೆಯದು. ರಾತ್ರಿ ಹನ್ನೊಂದೂವರೆಗೆ ಮೊಬೈಲಲ್ಲಿ ಟೈಪ್ ಮಾಡಲು ಶುರು ಮಾಡಿಯೂ ಆಗಿತ್ತು, "ತಮ್ಮ ಹೊಟ್ಟೆ ಕಟ್ಟಿ ಯಾರದೋ ತಾಯಿಗೆ ಮಗನಾದವರು" ಅಂತ. ಎಷ್ಟು ಚಂದದ ಸಾಲು ನೋಡಿ. ಜಿಪುಣ ಅಂತ ಬರೆದ ಪಾಪವೂ ಕಳೆಯುತ್ತಿತ್ತು, ಲೈಕೂ ಬರುತ್ತಿತ್ತು. ಜಿಪುಣ ಅಂದದ್ದೂ ಗೊತ್ತಿಲ್ಲದೆಯೇ, ದೇವರು ಅನ್ನಲು ಹೊರಟದ್ದೂ ಗೊತ್ತಿಲ್ಲದೆಯೇ. ಅಳಿಸಿದೆ.

ಸತ್ತವರ ಬಗ್ಗೆ ನಾವು ಇಲ್ಲಿ ಬರೆಯುವ ಶ್ರದ್ಧಾಂಜಲಿಗಳಲ್ಲಿ ಅರ್ಧಕ್ಕರ್ಧ ಹೀಗೇ ಇರಬೇಕು ಅಂತ ನನಗೀಗ ಅನುಮಾನ. ಬದುಕಿದ್ದವರ ಮೇಲೆ ಬೀಳುವ ತೀರ್ಪಂತೂ ಬಿಡಿ, ಮೂವತ್ತು ಸೆಕೆಂಡಿನ ವಿಡಿಯೋ ಸಾಕು.

ಕಾಗದ ಇನ್ನಷ್ಟು ಇದ್ದಿದ್ದರೆ ಗೊತ್ತಾಗುತ್ತಿತ್ತು ಅಂತ ಅತ್ತೆಯ ಮಗ ಅಂದ. ನನಗೆ ನಂಬಿಕೆ ಇಲ್ಲ. ಗಾಂಧೀಜಿ ಬರೆದದ್ದು ಮಾತಾಡಿದ್ದು ಎಲ್ಲ ಸೇರಿ ಇಂಗ್ಲಿಷಿನಲ್ಲಿ 100 ಸಂಪುಟ ಆಗಿದೆ. ಅಷ್ಟು ಕಾಗದ ಬಿಟ್ಟು ಹೋದ ಮನುಷ್ಯ ನಮ್ಮ ದೇಶದಲ್ಲಿ ಇನ್ನೊಬ್ಬ ಇರಲಿಕ್ಕಿಲ್ಲ. ಆದರೂ ಅವರಿಗೂ ಹಿರಿಯ ಮಗ ಹರಿಲಾಲನಿಗೂ ನಡುವೆ ಮುರಿದದ್ದು ಏನು, ಯಾರ ತಪ್ಪು ಎಷ್ಟು ಅಂತ ಇವತ್ತಿಗೂ ಜನ ಜಗಳ ಆಡುತ್ತಾರೆ. ಹರಿಲಾಲ ಕ್ಷಯ ಹತ್ತಿ ಸತ್ತದ್ದೂ ಅದೇ ಬೊಂಬಾಯಿಯಲ್ಲಿ, 1948ರ ಜೂನಿನಲ್ಲಿ, ಅಪ್ಪ ಹೋಗಿ ಐದೇ ತಿಂಗಳಿಗೆ.

ಇನ್ನೊಂದು ಕಡೆ ಆತಕೂರಿನ ಶಾಸನದ ಕಲ್ಲು ಇದೆ, ಬೆಂಗಳೂರಿನ ಮ್ಯೂಸಿಯಂನಲ್ಲಿ. ಗಂಗರ ದೊರೆ ಬೂತುಗನ ಕಡೆಯ ವೀರ ಮಣಲೇರ. ಅವನು ಬಹುಮಾನವಾಗಿ ಕೇಳಿ ಪಡೆದ ಕಾಳಿ ಅನ್ನುವ ನಾಯಿ ಒಂದು ಹಂದಿಯ ಜೊತೆ ಕಾದಾಡಿತು, ಎರಡೂ ಸತ್ತವು. 949-50ರ ಮಾತು. ನಾಯಿಯ ಹೆಸರು, ಅದು ಯಾವ ಗುಡ್ಡದ ಹತ್ತಿರ ಸತ್ತಿತು, ಎಲ್ಲ ಕಲ್ಲಿನ ಮೇಲಿದೆ. ಸಾವಿರ ವರ್ಷದ ಹಿಂದಿನ ನಾಯಿಯ ಬಗ್ಗೆ ನನಗೆ ಗೊತ್ತಿರುವಷ್ಟು ಹೆತ್ತಪ್ಪನ ಅಣ್ಣನ ಬಗ್ಗೆ ಗೊತ್ತಿಲ್ಲ. ಅದೂ ನಲವತ್ತು ವರ್ಷ ಜೊತೆಗೆ ಉಂಡು. ಹಾಗಂತ ಕಾಳಿಯ ಬಗ್ಗೆ ಗೊತ್ತಿರುವುದಾದರೂ ಎಷ್ಟು, ಅದರ ಕೊನೆಯ ಅರ್ಧ ಗಂಟೆ ತಾನೇ.

ಮರುದಿನ ಬೆಳಿಗ್ಗೆ ಧೈರ್ಯ ಮಾಡಿ ದೊಡ್ಡಮ್ಮನ ಹತ್ತಿರ ಹೋದೆ. ಅವರು ಹಿತ್ತಲ ಜಗಲಿಯಲ್ಲಿ ಕೂತು ಅಕ್ಕಿ ಆರಿಸುತ್ತಿದ್ದರು. ಚೀಟಿ ಕೈಗೆ ಕೊಟ್ಟೆ. ಅವರಿಗೆ ಆಶ್ಚರ್ಯ ಏನೂ ಆಗಲಿಲ್ಲ. ಒಂದೊಂದೇ ಎಣಿಸಿದರು. ಹನ್ನೊಂದಿದೆ ಅಂತ ಖಾತ್ರಿಯಾದ ಮೇಲೆ ಕವರಿನೊಳಗೆ ವಾಪಸ್ ಹಾಕಿದರು.

"ಇದು ಯಾರು ದೊಡ್ಡಮ್ಮಾ?"

"ಅವ್ರ್ ಹೇಳ್ಲಿಲ್ಲ, ನಾನ್ ಕೇಣ್ಲಿಲ್ಲ."

ಐವತ್ತು ವರ್ಷ ಸಂಸಾರ ಮಾಡಿ ಕೇಳಲೇ ಇಲ್ವಾ ಅನ್ನಬೇಕೆಂದಿದ್ದೆ. ಆದರೆ ಚೀಟಿ ಎಷ್ಟಿದೆ ಅಂತ ಅವರಿಗೆ ಗೊತ್ತಿತ್ತಲ್ಲ. ನನ್ನ ಬಾಯಿ ಕಟ್ಟಿತು. ಕೇಳದಿರುವುದೂ ಒಂದು ಬಗೆಯ ಸಲುಗೆ ಇರಬಹುದು. ಅಥವಾ ಸಿಟ್ಟೇ ಇರಬಹುದು. ಈಗ ನೋಡಿ, ಮತ್ತೆ ಶುರು ಮಾಡಿದೆ ನಾನು.

ಕಾರ್ಡು ಅಚ್ಚಾಯಿತು. ಹೆಸರು, ಜನನ 01-06-1942, ಬೊಂಬಾಯಿಯಲ್ಲಿ ಹೋಟೆಲ್ ಉದ್ಯೋಗ, ಆಮೇಲೆ ಊರಲ್ಲಿ ಕೃಷಿ, ಹೆಂಡತಿ ಮಕ್ಕಳು ಮೊಮ್ಮಕ್ಕಳು, ತೀರಿಕೊಂಡ ದಿನ. ಆರು ಸಾಲು. ಇಷ್ಟೇನಾ ಅಂದ ಅತ್ತೆಯ ಮಗ. ಇಷ್ಟೇ ಅಂದೆ. ನುಡಿನಮನದಲ್ಲಿ ನಾಲ್ಕು ಜನ ಮಾತಾಡಿದರು. ನಾಲ್ವರೂ ನಾಲ್ಕು ಬೇರೆ ಬೇರೆ ಜನರ ಬಗ್ಗೆ ಮಾತಾಡಿದ ಹಾಗಿತ್ತು, ನಾನು ಸುಮ್ನೆ ಕೂತು ಕೇಳಿದೆ.

ಸಂಜೆ ನೆಂಟರೆಲ್ಲ ಹೋದ ಮೇಲೆ ದೊಡ್ಡಮ್ಮ ಕಾರ್ಡು ಓದಿ ಹೇಳು ಅಂದರು. ಓದಿದೆ. ಪೂರ್ತಿ ಕೇಳಿಸಿಕೊಂಡು, "ಸೋಣೆ ತಿಂಗ್ಳ್ ಅಂದೇಳಿ ಹಾಕ್ಲಿಲ್ಯಾ?" ಅಂದರು. ಜೇಬಿನಲ್ಲಿದ್ದ ಪೆನ್ನು ತೆಗೆದು ಅವರ ಕಾರ್ಡಿನ ಮೇಲೆ ಮಾತ್ರ ಜೂನ್ ಹೊಡೆದು ಸೋಣೆ ಅಂತ ಬರೆದುಕೊಟ್ಟೆ. ಅದನ್ನು ಪ್ಲಾಸ್ಟಿಕ್ ಕವರಿನ ಜೊತೆ ಟ್ರಂಕಿನ ತಳಕ್ಕೆ ಇಟ್ಟು, ಮೇಲೆ ಜಾಗದ ಕಾಗದ ಹರಡಿ, ಬೀಗ ಹಾಕಿದರು.